ತೆರಿಗೆ, ಹೊಗೆ, ತುಕ್ಕು: ಒಂದು ದಟ್ಸನ್ ಕಾರಿನ ಚರಿತ್ರೆ

ದಟ್ಸನ್ ಎಂದರೆ ಊರಿನ ಕಡೆಯವರಿಗೆ ನೆನಪಾಗುವುದು 2014ರಲ್ಲಿ ಮಾರುಕಟ್ಟೆಗೆ ಬಂದು 2022ರಲ್ಲಿ ಗಂಟುಮೂಟೆ ಕಟ್ಟಿದ ‘ಗೋ’ ಎಂಬ ಅಗ್ಗದ ಕಾರು. ಹಾಗಾಗಿ ನನ್ನ ಶೆಡ್ಡಿನಲ್ಲಿ ಒಂದು ದಟ್ಸನ್ ಇದೆ ಎಂದರೆ ಮೈಸೂರಿನ ನೆಂಟರಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ‘ಅಲ್ವೋ, ಅಮೆರಿಕಕ್ಕೆ ಹೋಗಿ ಇಷ್ಟು ವರ್ಷ ಆಯ್ತು, ಇನ್ನೂ ದಟ್ಸನ್ನೇನೋ?’ ಎಂದು ಸೋದರಮಾವ ಫೋನಿನಲ್ಲಿ ಕೇಳಿಯೇಬಿಟ್ಟರು. ಅವರು ಬದುಕಿಡೀ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಕಾರಿನ ವಿಷಯದಲ್ಲಿ ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ. ನನ್ನದು 1972ರ 240ಝಡ್ ಎಂದು ವಿವರಿಸಿ, ಈಗ ಅದಕ್ಕೆ ಬರುವ ಬೆಲೆ ಹೇಳಿದೆ. ‘ಹಾಗಾದ್ರೆ ಮಾರಿಬಿಡು’ ಅಂದರು.

ಮಾರಿಲ್ಲ. ಮಾರುವ ಯೋಚನೆಯೂ ಇಲ್ಲ.

ಎರಡೇ ಸೀಟು, ಉದ್ದನೆಯ ಬಾನೆಟ್, ಹಿಂದಕ್ಕೆ ಇಳಿಜಾರಾಗಿ ಜಾರುವ ಮಾಡು, ಮುಂದೆ ಸಾಲಾಗಿ ನಿಂತ ಆರು ಸಿಲಿಂಡರ್. ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. 1969ರ ಅಕ್ಟೋಬರಿನಲ್ಲಿ ಇದನ್ನು ಜಗತ್ತಿಗೆ ತೋರಿಸಿದಾಗ ಅಮೆರಿಕದಲ್ಲಿ ಇಟ್ಟ ಬೆಲೆ 3,526 ಡಾಲರ್. ಇದೇ ಬಗೆಯ ಓಟ ಬೇಕೆಂದರೆ ಜಾಗ್ವಾರ್ ಇ-ಟೈಪಿಗೋ ಪೋರ್ಷೆ 911ಕ್ಕೋ ಇದಕ್ಕಿಂತ ಬಹಳ ಹೆಚ್ಚು ತೆರಬೇಕಾಗಿದ್ದ ಕಾಲ ಅದು. ಡೀಲರುಗಳ ಬಳಿ ತಿಂಗಳುಗಟ್ಟಲೆ ಸರದಿ ಬೆಳೆಯಿತು.

ಹಳೆಯ ಕಾರಿನ ಚರಿತ್ರೆಯನ್ನು ಜನ ಸಾಮಾನ್ಯವಾಗಿ ಅದು ಗೆದ್ದ ಕಪ್ಪುಗಳಲ್ಲಿ ಹುಡುಕುತ್ತಾರೆ. ಐಟಿಐ ಮುಗಿಸಿ ಲೇತ್ ಮುಂದೆ ನಿಂತು ಹೊಟ್ಟೆ ಹೊರೆದ ನನಗೆ ಅದು ಕಂಡಿದ್ದು ಕಾರು ಬಿಚ್ಚುವಾಗ. ಈ ಗಾಡಿಯಲ್ಲಿ ಎಲ್ಲೆಲ್ಲಿ ತೊಂದರೆ ಇದೆಯೋ ಅಲ್ಲೆಲ್ಲ ಒಂದೋ ಸರ್ಕಾರದ ಕಾಯಿದೆಯ ಕೈವಾಡ, ಇಲ್ಲವೇ ಕಂಪನಿಯ ಲೆಕ್ಕಿಗನ ಕೈವಾಡ. ರಿಪೇರಿ ಮಾಡುತ್ತ ಹೋದಂತೆ ಜಪಾನಿನ ತೆರಿಗೆ, ಕ್ಯಾಲಿಫೋರ್ನಿಯಾದ ಹೊಗೆ, ನ್ಯೂಯಾರ್ಕಿನ ಉಪ್ಪು ಒಂದೊಂದಾಗಿ ಹೊರಬರುತ್ತವೆ.

ಮಾವನ ಅಂಬಾಸಿಡರಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಕಥೆ ನಿಜವಾಗಿ ಶುರುವಾಗುವುದು ಅಲ್ಲೇ. ಯುದ್ಧದಲ್ಲಿ ಸೋತ ಜಪಾನಿಗೆ ಆಧುನಿಕ ಕಾರು ಮಾಡುವ ವಿದ್ಯೆ ಸಾಲದಾಗಿತ್ತು. ನಿಸ್ಸಾನ್ ಕಂಪನಿ 1952ರಲ್ಲಿ ಬ್ರಿಟನ್ನಿನ ಆಸ್ಟಿನ್ ಜೊತೆ ಒಪ್ಪಂದ ಮಾಡಿಕೊಂಡು ಮೊದಲು ಎ40, ಆಮೇಲೆ ಎ50 ಎಂಬ ಕಾರುಗಳನ್ನು ತನ್ನ ಕಾರ್ಖಾನೆಯಲ್ಲಿ ಜೋಡಿಸತೊಡಗಿತು. ಎ50ರಲ್ಲಿದ್ದದ್ದು 1489 ಸಿ.ಸಿ. ಎಂಜಿನ್. ನಮ್ಮ ಹಿಂದೂಸ್ತಾನ್ ಮೋಟರ್ಸ್‌ನವರು ಉತ್ತರಪಾರದಲ್ಲಿ ಅಂಬಾಸಿಡರಿಗೆ ಕೂರಿಸಿದ್ದೂ ಅದೇ ವಂಶದ ಅದೇ 1489 ಸಿ.ಸಿ. ಎಂಜಿನ್ನನ್ನು. ಒಂದೇ ಬೀಜ ಎರಡು ದೇಶಗಳಲ್ಲಿ ಬಿತ್ತು.

ನಿಸ್ಸಾನಿನವರು ಡೊನಾಲ್ಡ್ ಸ್ಟೋನ್ ಎಂಬ ಅಮೆರಿಕನ್ ಎಂಜಿನಿಯರನ್ನು ಸಲಹೆಗೆ ಕರೆಸಿಕೊಂಡರು. ಹೊಸ ಎಂಜಿನ್ ಮಾಡಲು ಕೂರಬೇಡಿ, ಆಸ್ಟಿನ್ ಎಂಜಿನ್ನಿನ ಸ್ಟ್ರೋಕ್ ಮೊಟಕುಮಾಡಿ, ಇರುವ ಯಂತ್ರಗಳಲ್ಲೇ ಚಿಕ್ಕ ಎಂಜಿನ್ ತೆಗೆಯಿರಿ ಎಂಬುದು ಆತನ ಸಲಹೆ. ಹಾಗೆ ಹುಟ್ಟಿದ್ದು 988 ಸಿ.ಸಿ.ಯ ಎಂಜಿನ್, 1957ರ ದಟ್ಸನ್ನಿಗೆ ಹಾಕಿದ್ದು ಅದನ್ನೇ. ಮರುವರ್ಷ ಅಂಥ ಎರಡು ಪುಟ್ಟ ಕಾರುಗಳನ್ನು ಆಸ್ಟ್ರೇಲಿಯಾ ಸುತ್ತುವ ರ್‍ಯಾಲಿಗೆ ಕಳಿಸಿದರು. ಅದರಲ್ಲಿ ‘ಫುಜಿ’ ಎಂಬ ಹೆಸರಿನದು ತನ್ನ ವರ್ಗದಲ್ಲಿ ಗೆದ್ದು ಬಂತು. ಇತ್ತ ನಮ್ಮಲ್ಲಿ ಆ 1489 ಸಿ.ಸಿ. ಎಂಜಿನ್ ದಶಕಗಟ್ಟಲೆ ಹೆಚ್ಚುಕಡಿಮೆ ಇದ್ದ ಹಾಗೆಯೇ ಓಡಿತು. ಬೇರೆ ಕಾರು ಕೊಳ್ಳುವ ದಾರಿ ಗಿರಾಕಿಗೆ ಇಲ್ಲದಿದ್ದಾಗ ಮಾಡುವವನು ಯಾಕೆ ಬದಲಿಸುತ್ತಾನೆ? ಕೊನೆಗೆ 1990ರ ದಶಕದಲ್ಲಿ ಅಂಬಾಸಿಡರಿಗೆ ಬಂದ ಹೊಸ ಎಂಜಿನ್ ಇಸುಜು. ಅದೂ ಜಪಾನಿನದೇ. ಮಾವನಿಗೆ ಈ ಮಾತು ಹೇಳಿದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಆಸ್ಟ್ರೇಲಿಯಾ ತಂಡದ ಮುಖಂಡ ಯುತಾಕಾ ಕತಾಯಾಮಾ. 1909ರಲ್ಲಿ ಹುಟ್ಟಿ 1935ರಲ್ಲಿ ನಿಸ್ಸಾನ್ ಸೇರಿದ್ದ, ಜಾಹೀರಾತು ವಿಭಾಗದ ಮನುಷ್ಯ. ಕಾರ್ಮಿಕ ಸಂಘದ ರಾಜಕೀಯಕ್ಕೂ ಮೇಲಿನವರ ಮರ್ಜಿಗೂ ಹೊಂದದ ಆತನನ್ನು 1960ರಲ್ಲಿ ಅಮೆರಿಕಕ್ಕೆ ಕಳಿಸಿದರು. ನಮ್ಮಲ್ಲಿ ಬೇಡದ ಅಧಿಕಾರಿಯನ್ನು ದೂರದ ಜಿಲ್ಲೆಗೆ ವರ್ಗ ಮಾಡುವುದಿಲ್ಲವೇ, ಅದೇ ರೀತಿ. ಆತ ಮಾತ್ರ ಲಾಸ್ ಏಂಜಲೀಸ್ ಸುತ್ತಲಿನ ಡೀಲರುಗಳ ಅಂಗಡಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ, ಅವರ ದೂರು ಕೇಳಿ ಟೋಕಿಯೋಗೆ ಬರೆಯುತ್ತಿದ್ದ: ಸ್ಟಾರ್ಟರ್ ಸಾಲದು, ಬ್ರೇಕ್ ಸಾಲದು, ಇಲ್ಲಿನ ಹೆದ್ದಾರಿಗೆ ಈ ಎಂಜಿನ್ ಸಾಲದು. 1965ರಲ್ಲಿ ಅಮೆರಿಕದ ಕಂಪನಿಯ ಅಧ್ಯಕ್ಷನಾದ. ಅಮೆರಿಕದವರು ಪ್ರೀತಿಯಿಂದ ‘ಮಿಸ್ಟರ್ ಕೆ’ ಅಂದರು.

ಅಮೆರಿಕಕ್ಕೆ 1600 ಸಿ.ಸಿ. ಬೇಕೇ ಬೇಕು ಎಂದು ಆತ ಹಟ ಹಿಡಿದಿದ್ದರಿಂದ 510 ಎಂಬ ಸೆಡಾನ್ ಕಾರಿಗೆ ಆ ಎಂಜಿನ್ ಸಿಕ್ಕಿತು. ಆಮೇಲೆ ಕೇಳಿದ್ದು ಸ್ಪೋರ್ಟ್ಸ್ ಕಾರು. ಅದನ್ನು ಬ್ರಿಟಿಷರ ಹಾಗೆ ತೆರೆದ ಮಾಡಿನದಾಗಿಸದೆ, ಮುಚ್ಚಿದ ಮಾಡಿನದಾಗಿ, ಸಂಬಳದಾರ ಹುಡುಗನೂ ಕೊಳ್ಳುವ ಬೆಲೆಯಲ್ಲಿ ಕೊಡಿ ಎಂಬುದು ಬೇಡಿಕೆ. ಜಪಾನಿನಲ್ಲಿ ಯೊಶಿಹಿಕೊ ಮಾತ್ಸುವೊ ಎಂಬ ವಿನ್ಯಾಸಗಾರನ ಚಿಕ್ಕ ತಂಡ ಅದೇ ದಿಕ್ಕಿನಲ್ಲಿ ಜೇಡಿಮಣ್ಣಿನ ಮಾದರಿಗಳನ್ನು ತಿದ್ದುತ್ತ ಕೂತಿತ್ತು. (ಈ ಕಾರಿನ ಚೆಲುವಿನ ಕೀರ್ತಿ ಆಲ್ಬ್ರೆಕ್ಟ್ ಗರ್ಟ್ಸ್ ಎಂಬ ಜರ್ಮನ್ ಮೂಲದ ವಿನ್ಯಾಸಗಾರನದೆಂದು ಬಹಳ ವರ್ಷ ಬರೆದರು. ಆತ ನಿಸ್ಸಾನಿಗೆ ಸಲಹೆಗಾರನಾಗಿದ್ದುದು ನಿಜ. ಈ ಕಾರಿನ ರೂಪ ಮಾತ್ಸುವೊ ತಂಡದ್ದೇ.) ಜಪಾನಿನಲ್ಲಿ ಇಟ್ಟ ಹೆಸರು ‘ಫೇರ್‌ಲೇಡಿ ಝಡ್’. ಆ ಹೆಸರಿನ ಬ್ಯಾಡ್ಜುಗಳೊಂದಿಗೆ ಹಡಗಿನಿಂದಿಳಿದ ಮೊದಲ ಕಾರುಗಳಿಂದ ಅವನ್ನು ಕೀಳಿಸಿ, ಕತಾಯಾಮಾ 240ಝಡ್ ಎಂದು ಹಾಕಿಸಿದನೆಂದು ಹೇಳುತ್ತಾರೆ. ಒಳ್ಳೆಯದೇ ಆಯಿತು.

ಈಗ ತೆರಿಗೆಯ ವಿಷಯ. ಜಪಾನಿನಲ್ಲಿ ಆಗ 2000 ಸಿ.ಸಿ. ಎಂಬುದು ಲಕ್ಷ್ಮಣರೇಖೆ. ಅದನ್ನು ದಾಟಿದರೆ ಕಾರು ಬೇರೆ ದರ್ಜೆಗೆ ಸೇರಿ ತೆರಿಗೆ ಜಿಗಿಯುತ್ತಿತ್ತು. ಹಾಗಾಗಿ ತವರಿನ ಫೇರ್‌ಲೇಡಿಗೆ 1998 ಸಿ.ಸಿ. ಎಂಜಿನ್, ರಫ್ತಿನದಕ್ಕೆ 2393 ಸಿ.ಸಿ. ತವರಿನಲ್ಲಿ ಶಕ್ತಿ ಹೆಚ್ಚಿಸಬೇಕಾದರೆ ಎಂಜಿನ್ ದೊಡ್ಡದು ಮಾಡುವಂತಿಲ್ಲ, ಜಾಣತನ ಹೆಚ್ಚಿಸಬೇಕು. ಅದರಿಂದಲೇ ಝಡ್432 ಎಂಬ ಅಪರೂಪದ ಮಾದರಿ ಬಂತು: ಸಿಲಿಂಡರಿಗೆ 4 ವಾಲ್ವ್, 3 ಕಾರ್ಬುರೇಟರ್, 2 ಕ್ಯಾಮ್‌ಶಾಫ್ಟ್, ಎಂಜಿನ್ ಸ್ಕೈಲೈನ್ ಜಿಟಿ-ಆರ್‌ನದು. ಮಾಡಿದ್ದು ಸುಮಾರು 420. ಜಪಾನಿನವರಿಗೆ 2.4 ಲೀಟರಿನ ಕಾರು ತಮ್ಮ ಊರಿನಲ್ಲೇ ಸಿಕ್ಕಿದ್ದು 1971ರ ಕೊನೆಗೆ.

ನನ್ನ ಕಾರಿನ 2393 ಎಂಬ ಅಂಕಿ ಎಲ್ಲಿಂದ ಬಂತೆಂದು ಬೋರ್ ಅಳೆಯುವಾಗ ಗೊತ್ತಾಯಿತು. ಬೋರ್ 83 ಮಿ.ಮೀ., ಸ್ಟ್ರೋಕ್ 73.7 ಮಿ.ಮೀ. ಕತಾಯಾಮಾ ಹಟ ಮಾಡಿ ತರಿಸಿದ 510ರ ನಾಲ್ಕು ಸಿಲಿಂಡರಿನ 1595 ಸಿ.ಸಿ. ಎಂಜಿನ್ನಿನ ಅಳತೆಯೂ ಇದೇ. ನಾಲ್ಕಕ್ಕೆ ಎರಡು ಸೇರಿಸಿದ್ದಾರೆ, ಅಷ್ಟೇ. ಟೂಲಿಂಗ್ ಖರ್ಚು ಉಳಿಯಿತು, ಗ್ಯಾರೇಜಿನವರಿಗೆ ಮೊದಲೇ ಪರಿಚಯದ ಎಂಜಿನ್ ಆಯಿತು. ಕ್ರ್ಯಾಂಕಿಗೆ ಏಳು ಮೇನ್ ಬೇರಿಂಗ್. ಎಣ್ಣೆ ಬದಲಿಸುತ್ತ, ಟ್ಯಾಪೆಟ್ ಗ್ಯಾಪ್ ನೋಡಿಕೊಳ್ಳುತ್ತ ಇದ್ದರೆ ಇದು ಸಾಯುವ ಎಂಜಿನ್ ಅಲ್ಲ. ತಣ್ಣಗಿದ್ದಾಗ ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.25. ಒಂದು ಫೀಲರ್ ಗೇಜ್, 14 ಮತ್ತು 17ರ ಸ್ಪ್ಯಾನರ್ ಸಾಕು. ಎಂಜಿನ್ ಕೆಟ್ಟು ಗುಜರಿಗೆ ಹೋದ 240ಝಡ್ ನಾನು ಕಂಡಿದ್ದು ಕಡಿಮೆ. ಹೋದದ್ದೆಲ್ಲ ತುಕ್ಕಿನಿಂದ.

3,526 ಡಾಲರಿಗೆ ಆರು ಸಿಲಿಂಡರ್, ನಾಲ್ಕು ಚಕ್ರಕ್ಕೂ ಬೇರೆಬೇರೆ ಸಸ್ಪೆನ್ಷನ್, ಮುಂದೆ ಡಿಸ್ಕ್ ಬ್ರೇಕ್, ರ್‍ಯಾಕ್ ಸ್ಟಿಯರಿಂಗ್ ಎಲ್ಲ ಕೊಟ್ಟ ಮೇಲೆ ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕಲ್ಲ. ಹಾಕಿದ್ದು ತಗಡಿಗೆ. ತೆಳುವಾದ ಉಕ್ಕು, ಸತುವಿನ ಲೇಪವಿಲ್ಲ, ಟೊಳ್ಳು ಜಾಗಗಳ ಒಳಗೆ ಬಣ್ಣವೂ ಸರಿಯಾಗಿ ಮುಟ್ಟಿಲ್ಲ. ಹಿರಾತ್ಸುಕಾದ ಕಾರ್ಖಾನೆಯಲ್ಲಿ ಮಾಡಿದವರಿಗೆ ಅಮೆರಿಕದ ಈಶಾನ್ಯ ರಾಜ್ಯಗಳ ಚಳಿಗಾಲದ ಅಂದಾಜು ಇರಲಿಲ್ಲ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಕ್ರದಿಂದ ಚಿಮ್ಮಿ, ಬಾಗಿಲಿಗೂ ಹಿಂದಿನ ಚಕ್ರಕ್ಕೂ ನಡುವಿನ ಮೂಲೆಯಲ್ಲಿ ಕೂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಒಳಗೆ ಏನೂ ಉಳಿದಿರುವುದಿಲ್ಲ. ಆ ಕಡೆಯ ಕಾರುಗಳು ಹತ್ತು ವರ್ಷಕ್ಕೆಲ್ಲ ಗುಜರಿ ಸೇರಿದವು. ಈಗ ಉಳಿದವುಗಳಲ್ಲಿ ಒಳ್ಳೆಯವೆಲ್ಲ ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಒಣ ಸೀಮೆಯವು. ಒಣ ಸೀಮೆಯ ಬಿಸಿಲು ಬೇರೆ ಸುಂಕ ವಸೂಲಿ ಮಾಡುತ್ತದೆ: ಫೋಮ್ ತುಂಬಿದ ಡ್ಯಾಶ್‌ಬೋರ್ಡು ಬೇಸಿಗೆಯ ಹೊಲದ ಹಾಗೆ ಬಿರಿಯುತ್ತದೆ. ಬಿರುಕಿಲ್ಲದ ಮೂಲ ಡ್ಯಾಶ್‌ಬೋರ್ಡ್ ಕಂಡರೆ ನಾವು ನಿಂತು ನೋಡುತ್ತೇವೆ.

ನನ್ನದು ರಿವರ್‌ಸೈಡ್ ಕಡೆಯ ಒಬ್ಬ ಶಾಲಾ ಮೇಷ್ಟರ ಶೆಡ್ಡಿನಲ್ಲಿತ್ತು. ಮೇಲೆ ಕೆಂಪು ಬಣ್ಣ. ಒಣ ಸೀಮೆಯದಾದ್ದರಿಂದ ನಿಶ್ಚಿಂತೆ ಎಂದುಕೊಳ್ಳುವ ಹಾಗಿಲ್ಲ, ನೆಲ ನೋಡಲೇಬೇಕು. ಕಾರಿನ ನೆಲಕ್ಕೆ ಸದ್ದು ಅಡಗಲೆಂದು ಕಾರ್ಖಾನೆಯಲ್ಲೇ ಟಾರಿನ ಹಾಳೆ ಅಂಟಿಸಿರುತ್ತಾರೆ. ಐವತ್ತು ವರ್ಷಕ್ಕೆ ಅದು ಕಲ್ಲಿನಂತಾಗಿ ಅಡಿಯಲ್ಲಿ ತೇವ ಹಿಡಿದಿಡುತ್ತದೆ. ಉಳಿಯಿಂದ ಕೆತ್ತಲು ಹೋದರೆ ತಗಡಿಗೆ ಏಟು. ಇಲ್ಲಿನವರ ಉಪಾಯ ಡ್ರೈ ಐಸ್. ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದೆ. ದಪ್ಪ ಕೈಗವಸು ಹಾಕಿಕೊಂಡು, ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು (ಆ ಹೊಗೆಯಿಂದ ಉಸಿರುಕಟ್ಟುತ್ತದೆ), ಮಂಜಿನ ತುಂಡುಗಳನ್ನು ನೆಲದ ಮೇಲೆ ಹರಡಿದೆ. ‘ರೀ, ಕಾರಿಗೂ ಐಸ್ ಕೊಡಿಸೋಕೆ ಶುರು ಮಾಡಿದ್ರಾ?’ ಎಂದು ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಸ್ವಲ್ಪ ಹೊತ್ತಿಗೆ ಚಟ್ ಚಟ್ ಎಂದು ಟಾರು ಸೀಳುವ ಸದ್ದು. ತುಂಡುಗಳನ್ನು ಪಕ್ಕಕ್ಕೆ ಸರಿಸಿ ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಹಾಳೆ ಹಪ್ಪಳ ಮುರಿದಂತೆ ಎದ್ದು ಬಂತು. ಚಾಲಕನ ಕಡೆ ಕೆಳಗೆ ಅಚ್ಚ ಕಿತ್ತಳೆ ಬಣ್ಣ, ಆ ಕಾಲದ 918 ಸಂಖ್ಯೆಯ ಕಿತ್ತಳೆ. ಕಾರು ಹುಟ್ಟಿದಾಗಿನ ಬಣ್ಣ ಅದು.

ಪಕ್ಕದ ಸೀಟಿನ ಕಡೆ ಬೇರೆಯೇ ಕಥೆ. ಬ್ಯಾಟರಿ ತಟ್ಟೆ ಇರುವುದು ಎಂಜಿನ್ ಕೋಣೆಯ ಬಲಮೂಲೆಯಲ್ಲಿ. ಹಳೆಯ ಬ್ಯಾಟರಿಗಳ ಆಸಿಡ್ ತೊಟ್ಟಿಕ್ಕಿ ಮೊದಲು ತಟ್ಟೆಯನ್ನು, ಆಮೇಲೆ ಅದರಡಿಯ ಫ್ರೇಮ್ ರೇಲನ್ನು, ಅಲ್ಲಿಂದ ಮುಂದೆ ನೆಲವನ್ನು ತಿನ್ನುತ್ತದೆ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ಅಲ್ಲಿಗೆ ತಗಡಿನ ತುಂಡಿಟ್ಟು ರಿವೆಟ್ ಹೊಡೆದು ಮೇಲೆ ಪುಟ್ಟಿ ಬಳಿದಿದ್ದ. ಆಗ ಅದು ಬುದ್ಧಿವಂತಿಕೆಯೇ. 1980ರ ದಶಕದಲ್ಲಿ ಈ ಕಾರಿಗೆ ಬೆಲೆ ಇರಲಿಲ್ಲ; ಕೂಲಿ ಕೊಟ್ಟು ಟಿಂಕರಿಂಗ್ ಮಾಡಿಸಿದರೆ ಗಾಡಿಗಿಂತ ಕೆಲಸವೇ ದುಬಾರಿ. ಎಂಜಿನ್ ಕಿತ್ತು ಶೆವ್ರಲೆಯ ವಿ8 ತುರುಕಿದವರೂ ಬಹಳ ಜನ. ನಾನು ರಿವೆಟ್ ಕೊರೆದು, ಕೆಟ್ಟದ್ದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ಪ್ಯಾನೆಲ್ ವೆಲ್ಡ್ ಮಾಡಿದೆ. ಇಡೀ ಪುನರುಜ್ಜೀವನದಲ್ಲಿ ಹಣ ಕುಡಿದದ್ದು ಈ ಕೆಲಸವೇ. ಎಂಜಿನ್ ಓವರ್‌ಹಾಲ್ ಖರ್ಚು ಅದರ ಮುಂದೆ ಏನೂ ಅಲ್ಲ.

ಕಾರ್ಬುರೇಟರಿನ ಹತ್ತಿರ ಬಂದಾಗ ನನಗೆ ಊರು ಸಿಕ್ಕಿತು. ಬ್ರಿಟನ್ನಿನ ಎಸ್.ಯು. ಕಾರ್ಬುರೇಟರನ್ನು ಜಪಾನಿನ ಹಿಟಾಚಿ ಮಾಡಿಕೊಟ್ಟದ್ದು, ಒಂದಲ್ಲ ಎರಡು. ಅಂಬಾಸಿಡರಿನ ಬಾನೆಟ್ಟಿನ ಕೆಳಗೆ ತಲೆ ಹಾಕಿ ಬೆಳೆದವನಿಗೆ ಅದರ ಗುಮ್ಮಟ ಕಂಡರೆ ಸಾಕು. ಒಳಗೆ ಮೇಲೆ ಕೆಳಗೆ ಆಡುವ ಒಂದು ಪಿಸ್ಟನ್. ಅದರಡಿಗೆ ಮೊನಚಾಗುತ್ತ ಹೋಗುವ ಸೂಜಿ. ಸೂಜಿ ಇಳಿಯುವ ಜೆಟ್. ಎಂಜಿನ್ ಎಷ್ಟು ಗಾಳಿ ಎಳೆಯುತ್ತದೋ ಪಿಸ್ಟನ್ ಅಷ್ಟು ಮೇಲೇಳುತ್ತದೆ, ಸೂಜಿ ಎದ್ದಷ್ಟೂ ಪೆಟ್ರೋಲಿಗೆ ದಾರಿ ಅಗಲ. ಇಷ್ಟೇ. ಗುಮ್ಮಟದ ನೆತ್ತಿಯ ಮುಚ್ಚಳ ಬಿಚ್ಚಿದರೆ ಸ್ವಲ್ಪ ಎಣ್ಣೆ ಇರಬೇಕು. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಮುಗ್ಗರಿಸುತ್ತದೆ, ಪಿಕಪ್ ಇರುವುದಿಲ್ಲ.

ಎರಡನ್ನೂ ಸಮ ಮಾಡುವುದು ಭಾನುವಾರ ಬೆಳಗಿನ ಕೆಲಸ. ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಏರ್ ಫಿಲ್ಟರಿನ ಡಬ್ಬ ಬಿಚ್ಚಿ ಪಕ್ಕಕ್ಕಿಟ್ಟು, ಜೆಟ್ಟಿನ ನಟ್ಟನ್ನು ಪೂರ್ತಿ ಮೇಲಕ್ಕೆ ಬಿಗಿದು ಅಲ್ಲಿಂದ ಎರಡೂವರೆ ಸುತ್ತು ಕೆಳಗೆ ಬಿಡಬೇಕು. ಅದು ಆರಂಭದ ಅಳತೆ. ಗಾಳಿ ಅಳೆಯುವ ಉಪಕರಣ ಮಾರುತ್ತಾರೆ, ನನ್ನ ಬಳಿಯೂ ಇದೆ. ಆದರೆ ಮಾವ ಕಲಿಸಿದ್ದು ರಬ್ಬರ್ ನಳಿಕೆ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಮುಂದಿನದು ಉಸಿರೆಳೆಯುವ ಸದ್ದು, ಹಿಂದಿನದರ ಸದ್ದು ಎರಡೂ ಒಂದೇ ಶ್ರುತಿಗೆ ಬರುವ ತನಕ ಸ್ಕ್ರೂ ತಿರುಗಿಸುವುದು. ಆಮೇಲೆ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಬೇಕು. ಎಂಜಿನ್ ಓಟ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು. ಕುಸಿದು ಆರಿಹೋಗುವ ಹಾಗಾದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಸ್ವಸ್ಥಾನಕ್ಕೆ ಬಂದರೆ ಸರಿ. ಸ್ಲೋ ಸರಿಯಾಗಿ ನಿಂತ ಆರು ಸಿಲಿಂಡರಿನ ಸದ್ದಿಗೆ ಸಮನಾದದ್ದು ಕಾರಿನ ಲೋಕದಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಇಲ್ಲ.

ಒಂದು ದೋಷ ಇದೆ. ಈ ಎಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ಬೆಂಕಿಯಂಥ ಕೊಳವೆಗಳ ಮೇಲೆಯೇ ಕಾರ್ಬುರೇಟರ್. ಬಿಸಿಲಲ್ಲಿ ಓಡಿಸಿ ನಿಲ್ಲಿಸಿದರೆ ಪೆಟ್ರೋಲ್ ಕುದಿದು ಆವಿಯಾಗಿ, ಮತ್ತೆ ಸ್ಟಾರ್ಟ್ ಮಾಡುವಾಗ ಮೊಂಡು ಹಿಡಿಯುತ್ತದೆ. ಅಂಬಾಸಿಡರಿಗೂ ಇದೇ ರೋಗ, ಏಕೆಂದರೆ ಅದರ ಜೋಡಣೆಯೂ ಹೀಗೆಯೇ. ಊಟಿ ಘಾಟಿ ಹತ್ತುವಾಗ ಮಾವ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ನನ್ನ ಡಿಕ್ಕಿಯಲ್ಲೂ ಒಂದು ಹಳೆಯ ಪಂಚೆಯ ತುಂಡು, ಒಂದು ಬಾಟಲಿ ನೀರು ಸದಾ ಇರುತ್ತವೆ.

1973ರ ಕಾರು ಕೊಂಡವರಿಗೆ ಒದ್ದೆ ಬಟ್ಟೆಯೂ ಸಾಲಲಿಲ್ಲ. ಅಮೆರಿಕ 1970ರಲ್ಲಿ ಗಾಳಿ ಶುದ್ಧಿಯ ಕಾಯಿದೆಯನ್ನು ಬಿಗಿಮಾಡಿತ್ತು. ಹೊಗೆ ಕಡಿಮೆ ಮಾಡಲು 1973ರ ಮಾದರಿಗೆ ಬೇರೆ ಬಗೆಯ, ಚಪ್ಪಟೆ ತಲೆಯ ಕಾರ್ಬುರೇಟರ್ ಹಾಕಿದರು. ಬಿಸಿಯಾದರೆ ಮಿಸ್ಸಿಂಗ್, ಮಿಸ್ಸಿಂಗ್ ಮೇಲೆ ಮಿಸ್ಸಿಂಗ್. ಮಾಲೀಕರು ಅವನ್ನು ಕಿತ್ತೆಸೆದು 1972ರ ಗುಮ್ಮಟದ ಜೋಡಿಯನ್ನು ಹುಡುಕಿ ಕೂರಿಸಿಕೊಂಡರು. ಹಾಗಾಗಿ 1972ರ ಕಾರ್ಬುರೇಟರ್ ಇವತ್ತಿಗೂ ತುಟ್ಟಿ. 1974ರಲ್ಲಿ 2565 ಸಿ.ಸಿ.ಯ 260ಝಡ್ ಬಂತು. ಡಿಕ್ಕಿ ಹೊಡೆದಾಗ ಪೆಟ್ಟು ತಾಳಬೇಕೆಂಬ ನಿಯಮಕ್ಕಾಗಿ ಬಂಪರು ದಪ್ಪವಾಯಿತು, ತೂಕ ಏರಿತು. 1975ರ 280ಝಡ್ಡಿಗೆ ಬಾಷ್ ವಿನ್ಯಾಸದ ಫ್ಯುಯೆಲ್ ಇಂಜೆಕ್ಷನ್ ಹಾಕಿದ ಮೇಲೆ ಗಾಡಿ ಮತ್ತೆ ನೆಟ್ಟಗೆ ಓಡಿತು. 1978ಕ್ಕೆ ಈ ಮೈಕಟ್ಟು ಮುಗಿಯಿತು. ಅಷ್ಟರಲ್ಲಿ ಮಾಡಿದ್ದು 5 ಲಕ್ಷಕ್ಕೂ ಹೆಚ್ಚು.

ಹೊಗೆಯ ಕಾಯಿದೆ ಇವತ್ತಿಗೂ ಈ ಕಾರುಗಳ ಹಣೆಬರಹ ಬರೆಯುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆ ಇಲ್ಲ. 1976ರದಾದರೆ ಎರಡು ವರ್ಷಕ್ಕೊಮ್ಮೆ ಹೋಗಿ ಪಾಸು ಮಾಡಿಸಬೇಕು, ಕಾರ್ಖಾನೆಯಿಂದ ಬಂದ ಒಂದೊಂದು ನಳಿಕೆಯೂ ಜಾಗದಲ್ಲಿರಬೇಕು. ಎರಡು 280ಝಡ್ ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣ ಯಾರು ತಮ್ಮ ಯಾರು ಎಂದು ಹೇಳುವುದು ಕಷ್ಟ. ಒಂದಕ್ಕೆ ಗಿರಾಕಿ ಮುಗಿಬೀಳುತ್ತಾರೆ, ಇನ್ನೊಂದಕ್ಕೆ ಚೌಕಾಸಿ. ನನ್ನನ್ನು ಕೇಳಿದರೆ ದಿನಬಳಕೆಗೆ ಇಂಜೆಕ್ಷನ್ನಿನ ಗಾಡಿಯೇ ಮೇಲು. ಹೀಗೆಂದರೆ ನಮ್ಮ ಝಡ್ ಮಾಲೀಕರ ಕೂಟದಲ್ಲಿ ಗದ್ದಲವಾಗುತ್ತದೆ.

ಈ ಕಾರು ಗೆದ್ದ ರೇಸುಗಳು ಬಹಳ. ಪೀಟ್ ಬ್ರಾಕ್ ತಂಡದ ಜಾನ್ ಮಾರ್ಟನ್ 1970, 1971ರಲ್ಲಿ ಸತತ ಎರಡು ಬಾರಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿ ತಂದ. ನನಗೆ ಅದಕ್ಕಿಂತ ಹತ್ತಿರದ್ದು ಪೂರ್ವ ಆಫ್ರಿಕದ ಸಫಾರಿ ರ್‍ಯಾಲಿ. ಕೆಸರು, ಕಲ್ಲು, ದೂಳಿನ ಸಾವಿರಾರು ಕಿಲೋಮೀಟರು. 1971ರಲ್ಲಿ ಎಡ್ಗರ್ ಹರ್ಮನ್ ಅಲ್ಲಿ 240ಝಡ್ಡಿನಲ್ಲಿ ಗೆದ್ದ. 1973ರಲ್ಲಿ ಗೆದ್ದವನು ಶೇಖರ್ ಮೆಹ್ತಾ, ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದವನು. ಇದಿ ಅಮೀನ್ ಅಲ್ಲಿನ ಭಾರತೀಯರನ್ನು ಓಡಿಸಿದ ಮರುವರ್ಷ ಅದು. ಮೆಹ್ತಾನ ಅಂಕವೂ ಇನ್ನೊಂದು ದಟ್ಸನ್ನಿನಲ್ಲಿದ್ದ ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರೋಮನ ಅಂಕವೂ ಸಮವಾಗಿ, ಕೊನೆಗೆ ಗೆಲುವು ಮೆಹ್ತಾಗೆ ಬಂತು. ಆಮೇಲೆ 1979ರಿಂದ 1982ರವರೆಗೆ ವರ್ಷ ತಪ್ಪದೆ ಆತನೇ ಗೆದ್ದ, ಎಲ್ಲವೂ ದಟ್ಸನ್ನಿನಲ್ಲೇ. ಒಟ್ಟು ಐದು ಬಾರಿ. ನಮ್ಮ ಮಕ್ಕಳಿಗೆ ಈ ಹೆಸರೇ ಗೊತ್ತಿಲ್ಲದಿರುವುದು ನನಗೆ ಸಂಕಟದ ವಿಷಯ.

ಅಂದಹಾಗೆ 240ಝಡ್ ಹೊರಬಂದ 1969ರಲ್ಲೇ ನಿಸ್ಸಾನಿನ ಇನ್ನೊಂದು ಗಾಡಿ ಜಬಲ್ಪುರದಲ್ಲಿ ತಯಾರಾಗತೊಡಗಿತ್ತು. ಅದೇ ನಮ್ಮ ಸೈನ್ಯದ ಜೋಂಗಾ, ನಿಸ್ಸಾನ್ ಪ್ಯಾಟ್ರೋಲ್ ಎಂಬ ಗಾಡಿಯ ಭಾರತೀಯ ರೂಪ. ಸೈನ್ಯ ಹರಾಜು ಹಾಕಿದ ಜೋಂಗಾಗಳು ಕೊಡಗಿನ ತೋಟಗಳಲ್ಲಿ ಈಗಲೂ ಓಡಾಡುತ್ತವೆ. ಅದನ್ನು ಉಳಿಸಿಕೊಂಡಿರುವ ತೋಟದವರಿಗೂ ನನಗೂ ರೋಗ ಒಂದೇ.

1996ರಲ್ಲಿ ನಿಸ್ಸಾನ್ ಅಮೆರಿಕದಲ್ಲಿ ಝಡ್ ಸಾಲಿನ ಕಾರು ಮಾರುವುದನ್ನೇ ನಿಲ್ಲಿಸಿತು. ಹೊಸದಿಲ್ಲದ ಆ ಬಿಡುವಿನಲ್ಲಿ ಕಂಪನಿ ಒಂದು ವಿಚಿತ್ರ ಕೆಲಸ ಮಾಡಿತು. ಹಳೆಯ 240ಝಡ್‌ಗಳನ್ನು ತಾನೇ ಕೊಂಡು, ಪರಿಣತರಿಂದ ಪೂರ್ತಿ ಬಿಚ್ಚಿಸಿ ಹೊಸದರಂತೆ ಮಾಡಿಸಿ, ವಾರಂಟಿ ಸಹಿತ ಡೀಲರುಗಳ ಮೂಲಕ 25,000 ಡಾಲರಿನ ಆಸುಪಾಸಿಗೆ ಮಾರಿತು. ಎಣಿಸಿದ್ದು 200, ಆದದ್ದು ಸುಮಾರು 40. ತುಕ್ಕು ಕೆತ್ತಿದಷ್ಟೂ ಖರ್ಚು ಏರಿ, ಮಾಡಿದ ಕಂಪನಿಗೇ ಲೆಕ್ಕ ಹೊಂದಲಿಲ್ಲ. ಶೆಡ್ಡಿನಲ್ಲಿ ಕೂತು ಬಿಲ್ಲುಗಳನ್ನು ಕೂಡುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ. 1977ರಲ್ಲಿ ಜಪಾನಿಗೆ ಮರಳಿ ಸದ್ದಿಲ್ಲದೆ ನಿವೃತ್ತನಾಗಿದ್ದ ಕತಾಯಾಮಾನನ್ನು 1998ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. 105 ವರ್ಷ ಬದುಕಿ 2015ರಲ್ಲಿ ತೀರಿಕೊಂಡ.

ಈಗ ಬೆಲೆಗೆ ಹುಚ್ಚು ಹಿಡಿದಿದೆ. 2020ರ ಜನವರಿಯಲ್ಲಿ ಹೆಚ್ಚು ಓಡದ, ಬಣ್ಣ ಕೆಡದ ಒಂದು 240ಝಡ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಕೊಂಡವರು ಅದನ್ನು ಮಳೆಯಲ್ಲಿ ಓಡಿಸುತ್ತಾರೆಯೇ? ಘಾಟಿ ಹತ್ತಿಸುತ್ತಾರೆಯೇ? ಗಾಜಿನ ಕೋಣೆಯಲ್ಲಿಟ್ಟರೆ ರಬ್ಬರು ಒಣಗುತ್ತದೆ, ಪೆಟ್ರೋಲ್ ಟ್ಯಾಂಕಿನೊಳಗೆ ಗಸಿ ಕಟ್ಟುತ್ತದೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಕೆಡುತ್ತದೆ. ಲಾಂಗ್ ಬೀಚಿನಲ್ಲಿ 2005ರಿಂದ ಹಳೆಯ ಜಪಾನಿ ಕಾರುಗಳ ಮೇಳ ನಡೆಯುತ್ತಿದೆ. ಅಲ್ಲಿ ನನಗೆ ಇಷ್ಟವಾಗುವುದು ಟ್ರೈಲರಿನ ಮೇಲೆ ಬಂದು ಇಳಿಯುವವಲ್ಲ. ಬಂಪರಿಗೆ ಹುಳ ಮೆತ್ತಿಕೊಂಡು, ತಾವೇ ಓಡಿ ಬರುವವು.

ನಾನಿರುವುದು ಟಾರೆನ್ಸ್‌ನಲ್ಲಿ. ಪಕ್ಕದ ಗಾರ್ಡೀನಾದಲ್ಲಿ ನಿಸ್ಸಾನಿನ ಅಮೆರಿಕದ ಮುಖ್ಯ ಕಚೇರಿ ಇತ್ತು. 2006ರಲ್ಲಿ ಟೆನೆಸ್ಸಿಗೆ ಎತ್ತಿಕೊಂಡು ಹೋದರು. ಪಾಲೊಸ್ ವೆರ್ಡೆಸ್ ಗುಡ್ಡದ ಕಡಲಂಚಿನ ರಸ್ತೆ ಇಲ್ಲಿಂದ ಹತ್ತಿರ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಟೆಂಪರೇಚರ್ ಮುಳ್ಳು ಏಳುವ ತನಕ ಕಾದು ಹೊರಡುತ್ತೇನೆ. ಪವರ್ ಸ್ಟಿಯರಿಂಗ್ ಇಲ್ಲ. ನಿಂತಾಗ ತಿರುಗಿಸಲು ತೋಳು ಬೇಕು, ಓಡುವಾಗ ರಸ್ತೆಯ ಒಂದೊಂದು ತೇಪೆಯೂ ಅಂಗೈಗೆ ತಿಳಿಯುತ್ತದೆ. ಹಿಂದಿನ ಬಾಗಿಲಿನ ರಬ್ಬರ್ ಸ್ವಲ್ಪ ಸಡಿಲವಿದ್ದರೂ ಹೊಗೆಯ ವಾಸನೆ ಒಳಗೆ ಬರುತ್ತದೆ. ಅದೂ ಈ ಕಾರಿನ ಹಳೆಯ ಕುಖ್ಯಾತಿ. ‘ಸೀರೆಗೆಲ್ಲ ಪೆಟ್ರೋಲ್ ವಾಸನೆ ಹಿಡಿಯುತ್ತೆ ಕಣ್ರೀ’ ಎಂದು ಕನ್ನಡ ಕೂಟಕ್ಕೆ ಹೋಗುವಾಗ ಹೆಂಡತಿ ಇದನ್ನು ಹತ್ತುವುದಿಲ್ಲ. ಗುಡ್ಡಕ್ಕೆ ಹೋಗುವಾಗ ಮಾತ್ರ ನನಗಿಂತ ಮೊದಲು ಕೂತಿರುತ್ತಾಳೆ.

ಊರಿನಲ್ಲಿ ಯಾರದಾದರೂ ಹಿತ್ತಲಿನಲ್ಲಿ ನಿಂತ ಅಂಬಾಸಿಡರನ್ನೋ ಫಿಯಟ್ಟನ್ನೋ ಎಬ್ಬಿಸುವ ಆಸೆ ನಿಮಗಿದ್ದರೆ ಒಂದು ಮಾತು. 50 ವರ್ಷ ದಾಟಿದ, ಮೂಲ ಸ್ವರೂಪ ಕೆಡದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಹಾಗಾಗಿ ಕಿತ್ತ ಭಾಗ ಎಷ್ಟೇ ಕೆಟ್ಟಿರಲಿ, ಗುಜರಿಗೆ ಹಾಕಬೇಡಿ. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ; ಅದು ಅಂಟದ ಕಡೆ ಬಣ್ಣದ ಕೆಳಗೆ ಇರುವುದು ತಗಡಲ್ಲ, ಪುಟ್ಟಿ. ಮಾಲೀಕರು ಎಂಜಿನ್ ಸ್ಟಾರ್ಟ್ ಮಾಡಿ ತೋರಿಸುತ್ತೇನೆ ಎಂದರೆ ಆಮೇಲೆ ಎನ್ನಿ. ಮೊದಲು ಮ್ಯಾಟ್ ಎತ್ತಿಸಿ ನೆಲ ನೋಡಿ.